ಆಲ್ಟರ್ನೇಟರನ್ನು ಎಬ್ಬಿಸುವ ಪುಟ್ಟ ಬಲ್ಬು

ಕೋಲಾರ, ಚಿಂತಾಮಣಿ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವಾಗ ಗೇರ್‌ಬಾಕ್ಸಿಗೂ ಮೌಂಟಿಂಗಿಗೂ ಸಿಗುವ ಗಮನದ ಕಾಲು ಪಾಲೂ ಚಾರ್ಜಿಂಗ್ ವೈರಿಂಗಿಗೆ ಸಿಗುವುದಿಲ್ಲ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಕೂಡಲೇ ಆಲ್ಟರ್ನೇಟರ್ (ಎಂಜಿನ್ನಿನ ತಿರುಗುವಿಕೆಯಿಂದ ವಿದ್ಯುತ್ ಹುಟ್ಟಿಸಿ ಬ್ಯಾಟರಿಗೆ ತುಂಬುವ ಯಂತ್ರ) ಕೆಟ್ಟಿದೆ ಎಂಬ ತೀರ್ಪು ಬೀಳುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದ ಸಂಪರ್ಕ ಮಾತ್ರ.

ಹಳೆಯ ಡೀಸೆಲ್ ಎಂಜಿನ್‌ಗಳ ಜೊತೆ ಬರುವ ಬಹುತೇಕ ಆಲ್ಟರ್ನೇಟರುಗಳ ರೋಟರಿನಲ್ಲಿ, ಅಂದರೆ ಒಳಗೆ ತಿರುಗುವ ಭಾಗದಲ್ಲಿ, ಶಾಶ್ವತ ಅಯಸ್ಕಾಂತವಿಲ್ಲ. ತಂತಿಯ ಸುರುಳಿಯಲ್ಲಿ ಪ್ರವಾಹ ಹರಿದಾಗಲೇ ಅದು ಅಯಸ್ಕಾಂತವಾಗುತ್ತದೆ. ಕೀ ತಿರುಗಿಸಿದೊಡನೆ ಬ್ಯಾಟರಿಯ ಪ್ರವಾಹ ಆ ದೀಪದ ಮೂಲಕವೇ ಹಾದು, ಆಲ್ಟರ್ನೇಟರಿನಲ್ಲಿ ದೀಪದ ವೈರಿಗೆಂದೇ ಇರುವ ಎಲ್ ಟರ್ಮಿನಲ್ ಸೇರಿ, ಕಾರ್ಬನ್ ಬ್ರಷ್ ದಾಟಿ ರೋಟರಿಗೆ ತಲುಪುತ್ತದೆ. 2 ವಾಟ್ ಬಲ್ಬಿನಲ್ಲಿ ಹರಿಯುವುದು ಒಂದು ಆಂಪಿಯರಿನ ಆರನೇ ಒಂದು ಭಾಗದಷ್ಟೇ, ಆದರೆ ಆರಂಭಕ್ಕೆ ಅಷ್ಟು ಸಾಕು. ವಿದ್ಯುತ್ ಹುಟ್ಟಿದ ಮೇಲೆ ಆಲ್ಟರ್ನೇಟರ್ ತನ್ನ ರೋಟರಿಗೆ ತಾನೇ ಉಣಿಸಿಕೊಳ್ಳುತ್ತದೆ. ದೀಪದ ಎರಡೂ ತುದಿಗಳ ವೋಲ್ಟೇಜ್ ಸಮವಾಗಿ ದೀಪ ಆರುತ್ತದೆ.

ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತ್ವದಿಂದಲೇ ಯಂತ್ರ ತಾನಾಗಿ ಎಚ್ಚರಗೊಳ್ಳಬಲ್ಲದು ಎಂಬುದನ್ನು ವರ್ನರ್ ಸೀಮೆನ್ಸ್ ಮತ್ತು ಚಾರ್ಲ್ಸ್ ವೀಟ್‌ಸ್ಟನ್ ಇಬ್ಬರೂ 1867ರಲ್ಲೇ ಪ್ರಕಟಿಸಿದ್ದರು. ಆಲ್ಟರ್ನೇಟರಿಗಿಂತ ಮೊದಲು ವಾಹನಗಳಲ್ಲಿದ್ದ ಡೈನಮೋ ಹಾಗೆಯೇ ನಡೆಯುತ್ತಿತ್ತು. ಆಲ್ಟರ್ನೇಟರಿನ ಪ್ರವಾಹವಾದರೋ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡುಗಳನ್ನು ಸಾಲಾಗಿ ದಾಟಬೇಕು, ಅದಕ್ಕೇ ಸುಮಾರು 1.4 ವೋಲ್ಟ್ ಬೇಕು. ಐಡ್ಲಿಂಗಿನಲ್ಲಿ ನಿಧಾನವಾಗಿ ತಿರುಗುವ ಡೀಸೆಲ್ ಎಂಜಿನ್ ಉಳಿಕೆ ಕಾಂತತ್ವದಿಂದ ಅಷ್ಟನ್ನೂ ಕೊಡಲಾರದು. ಆದ್ದರಿಂದ ಚೆಂದಕ್ಕೆಂದು ಬಲ್ಬಿನ ಬದಲು ಎಲ್‌ಇಡಿ ಹಾಕುವವರು, ಅದರಲ್ಲಿ ಹರಿಯುವ ಪ್ರವಾಹ ಸಾಲದ್ದರಿಂದ, ಅದಕ್ಕೆ ಸಮಾಂತರವಾಗಿ ಸುಮಾರು 50 ಓಂ, 5 ವಾಟ್‌ನ ರೆಸಿಸ್ಟರನ್ನೂ ಸೇರಿಸಬೇಕು.

ಏನೂ ಬೇಡವೆಂದು ಎಲ್ ಟರ್ಮಿನಲ್ಲನ್ನು ಇಗ್ನಿಷನ್ ವೈರಿಗೆ ನೇರವಾಗಿ ಕಟ್ಟುವುದು ಇನ್ನೂ ಕೆಟ್ಟದ್ದು. ಕೀ ತೆಗೆದರೂ ತಿರುಗುತ್ತಿರುವ ಆಲ್ಟರ್ನೇಟರಿನಿಂದ ಪ್ರವಾಹ ಹಿಂದಕ್ಕೆ ಹರಿದು ಡೀಸೆಲ್ ಪಂಪಿನ ಸೊಲೆನಾಯ್ಡನ್ನು (ಇಂಧನ ಬಿಡುವ ವಿದ್ಯುತ್ ಕವಾಟವನ್ನು) ತೆರೆದೇ ಇಡಬಹುದು. ಆಗ ಎಂಜಿನ್ ನಿಲ್ಲುವುದೇ ಇಲ್ಲ.

ಇನ್ನು 90 ಆಂಪಿಯರಿನ ಆಲ್ಟರ್ನೇಟರ್ ಹಾಕಿದರೆ ಬ್ಯಾಟರಿ ಸುಟ್ಟುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಮ್ಮ ಕೆರೆಗಳ ನೀರಗಂಟಿ ಗದ್ದೆಯಲ್ಲಿ ನೀರು ತಡೆಯಲು ಹೋಗದೆ ತೂಬಿನ ಬಳಿಯೇ ಅಳತೆ ಮಾಡುವಂತೆ, ರೆಗ್ಯುಲೇಟರ್ ದಪ್ಪ ವೈರಿನ ಪ್ರವಾಹವನ್ನು ಮುಟ್ಟದೆ, ರೋಟರಿಗೆ ಹೋಗುವ ಕೆಲವೇ ಆಂಪಿಯರುಗಳನ್ನು ಸೆಕೆಂಡಿಗೆ ಹಲವು ಬಾರಿ ಕೊಟ್ಟು ಕಡಿದು ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಡೈನಮೋ ಕಾಲದ ಕಟೌಟ್ ಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆದುಹಾಕಬೇಕು. ಹಿಮ್ಮುಖ ಪ್ರವಾಹವನ್ನು ತಡೆಯುವ ಅದರ ಕೆಲಸವನ್ನು ಈಗ ಡಯೋಡುಗಳು ಮಾಡುತ್ತವೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ಪರೀಕ್ಷಿಸುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ವಿದ್ಯುತ್ ಹೊರೆ ಹಠಾತ್ತನೆ ಇಳಿದಾಗ ರೋಟರಿನ ಕಾಂತತ್ವ ತಕ್ಷಣ ಕುಗ್ಗದೆ ವೋಲ್ಟೇಜ್ ಹಲವು ಪಟ್ಟು ಮೇಲಕ್ಕೆ ಹಾರಿ ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಡಬಲ್ಲದು. ಮಲ್ಟಿಮೀಟರ್ ಇದ್ದರೆ ಸಾಕು. ಹೆಡ್‌ಲೈಟ್ ಹಾಕಿದಾಗ ಬ್ಯಾಟರಿಯ ಮೇಲೆ 14 ವೋಲ್ಟಿನ ಸುತ್ತ ಕಾಣದಿದ್ದರೆ, ಮೊದಲು ಎಂಜಿನ್ ಬ್ಲಾಕಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿಯನ್ನು ನೋಡಬೇಕು: ರಬ್ಬರ್ ಮೌಂಟಿಂಗಿನ ಮೇಲೆ ಕೂತ ಹೊಸ ಎಂಜಿನ್ನಿಗೆ ಅದನ್ನು ಹಾಕಲು ಮರೆತರೆ, ಸ್ಟಾರ್ಟರಿನ ಪ್ರವಾಹ ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿದು, ಕೇಬಲ್ಲೇ ಕಾದು ಹೊಗೆಯಾಡಬಹುದು.