ಕಿಡ್ನಿ ಕಸಿಯ ನಂತರ ಕ್ರಿಯಾಟಿನಿನ್ ಏರಿದಾಗ

ಬೆಂಗಳೂರಿನಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡು ಚಳ್ಳಕೆರೆ, ಹೊಳಲ್ಕೆರೆ, ಹರಿಹರದ ಕಡೆಗೆ ಮರಳುವವರ ಮುಂದಿನ ಆರೈಕೆ ಬಹುಮಟ್ಟಿಗೆ ದಾವಣಗೆರೆಯ ನಮ್ಮಂಥ ವೈದ್ಯರ ಪಾಲಿಗೆ ಬರುತ್ತದೆ. ರಕ್ತಪರೀಕ್ಷೆಯ ವರದಿ ಕೈಸೇರಿದ ಕೂಡಲೇ ಅವರು ಫೋನಿನಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಡಾಕ್ಟ್ರೇ, ಕ್ರಿಯಾಟಿನಿನ್ ಏರಿದೆ, ಮಾತ್ರೆ ಜಾಸ್ತಿ ಮಾಡ್ಲಾ, ಕಡಿಮೆ ಮಾಡ್ಲಾ?’

ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ; ರಕ್ತದಲ್ಲಿ ಅದು ಏರಿದರೆ ಸಾಮಾನ್ಯವಾಗಿ ಕಿಡ್ನಿಯ ಕೆಲಸ ತಗ್ಗಿದೆ ಎಂದರ್ಥ. ಆದರೆ ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲಾಗದು. ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸಲು ತೊಡಗಿದ್ದರೆ ಔಷಧಿಗಳನ್ನು ಹೆಚ್ಚಿಸಿ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕಾಗುತ್ತದೆ. ಆ ಶಕ್ತಿ ಕುಗ್ಗಿದಾಗ ತಲೆಯೆತ್ತುವ ಬಿಕೆ ವೈರಸ್ ಕಿಡ್ನಿಯನ್ನು ಹೊಕ್ಕಿದ್ದರೆ ಅದೇ ಔಷಧಿಗಳನ್ನು ಕಡಿಮೆ ಮಾಡಬೇಕಾಗುತ್ತದೆ. ಎರಡರಲ್ಲೂ ನೋವಿಲ್ಲದೆ, ಮೂತ್ರ ಕಡಿಮೆಯಾಗದೆ, ವರದಿಯ ಅಂಕಿಯಷ್ಟೇ ಏರಿರಬಹುದು. ತಿರಸ್ಕಾರ ತಡೆಯಲು ದಿನವೂ ನುಂಗುವ ಟ್ಯಾಕ್ರೋಲಿಮಸ್ ಎಂಬ ಔಷಧಿಯ ಪ್ರಮಾಣ ರಕ್ತದಲ್ಲಿ ಮಿತಿಮೀರಿದರೂ ಕ್ರಿಯಾಟಿನಿನ್ ಏರುತ್ತದೆ. ಬೇಸಿಗೆಯಲ್ಲಿ ವಾಂತಿಭೇದಿಯಾದವರಲ್ಲಂತೂ ನೀರಿನಂಶ ತಗ್ಗುವುದರ ಜೊತೆಗೆ ಟ್ಯಾಕ್ರೋಲಿಮಸ್ ಹೆಚ್ಚು ಹೀರಲ್ಪಡುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಆದ್ದರಿಂದ ಮೂತ್ರಪರೀಕ್ಷೆ, ಸ್ಕ್ಯಾನ್, ಔಷಧಿಯ ರಕ್ತಮಟ್ಟ, ಅಗತ್ಯವಿದ್ದರೆ ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಆಗದೆ ಚಿಕಿತ್ಸೆಯನ್ನು ನಿರ್ಧರಿಸುವುದು ಅಪಾಯಕರ.

ರಕ್ತಮಟ್ಟದ ಪರೀಕ್ಷೆಗೆ ಬರುವವರು ಬೆಳಗಿನ ಟ್ಯಾಕ್ರೋಲಿಮಸ್ ಮಾತ್ರೆಯನ್ನು ನುಂಗದೆ, ಜೊತೆಯಲ್ಲಿ ತರಬೇಕು. ಹಿಂದಿನ ರಾತ್ರಿಯ ಮಾತ್ರೆಗೆ 12 ಗಂಟೆ ಆದ ಮೇಲೆ ತೆಗೆದ ರಕ್ತದ ಅಂಕಿಯನ್ನು ಮಾತ್ರ ನಂಬಬಹುದು. ಬಸ್ಸು ಹತ್ತುವ ಅವಸರದಲ್ಲಿ ಮನೆಯಲ್ಲೇ ನುಂಗಿ ಬಂದರೆ ವರದಿ ಸುಳ್ಳು ಹೇಳುತ್ತದೆ, ಅದನ್ನು ನಂಬಿ ಪ್ರಮಾಣ ಇಳಿಸಿದರೆ ಕಿಡ್ನಿಗೇ ಕುತ್ತು.

ನನ್ನ ಅನುಭವದಲ್ಲಿ ಹೆಚ್ಚು ಹಾನಿಯಾಗುವುದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ. ಮೈಕೈ ನೋವಿಗೆಂದು ಕೇಳಿ ಪಡೆಯುವ ಡೈಕ್ಲೋಫೆನಾಕ್ ಕಿಡ್ನಿಯ ರಕ್ತಸಂಚಾರವನ್ನೇ ಕುಗ್ಗಿಸುತ್ತದೆ. ಕಜ್ಜಿ-ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಕೆಮ್ಮಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಚಕ್ಕೋತ ಹಣ್ಣಿಗೂ ಆ ಗುಣವಿದೆ. ಕ್ಷಯರೋಗದ ರಿಫಾಂಪಿಸಿನ್ ತದ್ವಿರುದ್ಧವಾಗಿ ಆ ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ. ಕಸಿಯಾದವರಿಗೆ ಕ್ಷಯ ಬಂದಾಗ ಅನೇಕ ವೇಳೆ ಅದರ ಬದಲು ರಿಫಾಬ್ಯುಟಿನ್ ಬಳಸುವುದು ಈ ಕಾರಣಕ್ಕೆ.

ತಿರಸ್ಕಾರವೆಂದು ಖಚಿತವಾದರೆ ಸಾಮಾನ್ಯವಾಗಿ ಮೊದಲು ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಇಂಜೆಕ್ಷನ್ನನ್ನು ಮೂರು ದಿನ ಕೊಡುತ್ತೇವೆ. ಅನೇಕರು ಚೇತರಿಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ಸಕ್ಕರೆ ಏರುವುದರಿಂದ, ಹಿಂದೆ ಮಧುಮೇಹವಿಲ್ಲದವರಿಗೂ ಇನ್ಸುಲಿನ್ ಬೇಕಾಗಬಹುದು. ಮನೆಯವರು ಇದರಿಂದ ಹೆದರುವುದನ್ನು ನೋಡಿದ್ದೇನೆ, ಆದರೆ ಹಲವರಲ್ಲಿ ಅದು ತಾತ್ಕಾಲಿಕ. ನಂತರದ ಕೆಲವು ತಿಂಗಳು ಸೋಂಕಿನ ಭಯ ಹೆಚ್ಚು. ಮುಗ್ಗಿದ ಮೇವು, ತಿಪ್ಪೆಗೊಬ್ಬರ, ಹೊಟ್ಟಿನ ಧೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಲ್ಲದಾದ್ದರಿಂದ ಕಣದ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಚೇತರಿಕೆಯ ನಂತರ ಕ್ರಿಯಾಟಿನಿನ್ ಹಳೆಯ 1.2ಕ್ಕೆ ಇಳಿಯದೆ 1.6ರಲ್ಲೋ 1.8ರಲ್ಲೋ ನಿಂತುಬಿಡಬಹುದು, ಅಲ್ಲೇ ವರ್ಷಗಟ್ಟಲೆ ಸ್ಥಿರವಾಗಿಯೂ ಇರಬಹುದು. ಆ ಹೊಸ ಅಂಕಿಯನ್ನು ಫೈಲಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ. ರಾತ್ರಿ ಜ್ವರವೆಂದು ರೋಗಿ ಬೇರೊಂದು ಆಸ್ಪತ್ರೆಗೆ ಓಡಿದಾಗ ಅಲ್ಲಿನ ವೈದ್ಯರು ಅದರೊಂದಿಗೇ ಹೋಲಿಸಿ ನೋಡಬೇಕಲ್ಲ.