ತನ್ನದೇ ಹೆಸರಿಲ್ಲದ ಜಿಲ್ಲೆ

ದೊಡ್ಡಬಳ್ಳಾಪುರದವರನ್ನು ‘ನಿಮ್ಮದು ಯಾವ ಜಿಲ್ಲೆ’ ಎಂದು ಕೇಳಿದರೆ ‘ಬೆಂಗಳೂರು ರೂರಲ್’ ಎನ್ನುತ್ತಾರೆ. ಧಾರವಾಡದವರು ಧಾರವಾಡ ಎಂದಂತೆ, ಮಂಡ್ಯದವರು ಮಂಡ್ಯ ಎಂದಂತೆ ಒಂದು ಊರಿನ ಹೆಸರು ಅಲ್ಲಿ ಬರುವುದಿಲ್ಲ. ಪಕ್ಕದ ನಗರದ ಹೆಸರು, ಅದರ ಹಿಂದೆ ‘ನಾವು ಆ ನಗರವಲ್ಲ’ ಎಂದು ಹೇಳುವ ಒಂದು ಪದ, ಇಷ್ಟೇ. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿತು. ಹಿಂದಿನ ಪದದ ಜಾಗಕ್ಕೆ ಈಗ ಒಂದು ದಿಕ್ಕು ಬಂದಿದೆ.

ಸಭೆ ನಂದಿಯಲ್ಲಿ ನಡೆದದ್ದಕ್ಕೂ ಒಂದು ಹಳೆಯ ನಂಟಿದೆ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗ, 1860ರ ದಶಕದ ಆರಂಭದಲ್ಲಿ, ರಾಜ್ಯವನ್ನು ಎಂಟು ಜಿಲ್ಲೆಗಳಾಗಿ ಹಂಚಿ ಮೂರು ಡಿವಿಷನ್‌ಗಳಡಿ ಇಟ್ಟರು. ಬೆಂಗಳೂರು ಜಿಲ್ಲೆ ಸೇರಿದ್ದು ನಂದಿದುರ್ಗ ಡಿವಿಷನ್‌ಗೆ. ಆಗ ನಗರ, ಹಳ್ಳಿ ಎಂಬ ಗೆರೆ ಇರಲಿಲ್ಲ. ಆನೇಕಲ್, ದೇವನಹಳ್ಳಿ, ಮಾಗಡಿ, ಕನಕಪುರ ಎಲ್ಲವೂ ಒಂದೇ ಜಿಲ್ಲೆಯ ತಾಲ್ಲೂಕುಗಳು. ಸ್ವಾತಂತ್ರ್ಯ ಬಂದಿತು, ರಾಜ್ಯಗಳ ಪುನರ್ವಿಂಗಡಣೆಯಾಯಿತು, 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. ಬೆಂಗಳೂರು ಜಿಲ್ಲೆ ಮಾತ್ರ ಒಂದಾಗಿಯೇ ಉಳಿದಿತ್ತು.

ಒಡೆದದ್ದು 1986ರಲ್ಲಿ. ಕಾರ್ಖಾನೆ, ಬಡಾವಣೆ, ವಲಸೆಗಳಿಂದ ನಗರ ಉಬ್ಬಿತ್ತು. ಒಬ್ಬ ಜಿಲ್ಲಾಧಿಕಾರಿಯ ಮೇಜಿನ ಮೇಲೆ ರಾಜಧಾನಿಯ ನಿವೇಶನದ ತಕರಾರೂ ಕನಕಪುರದ ಕಾಡಂಚಿನ ರೈತನ ಅರ್ಜಿಯೂ ಒಟ್ಟಿಗೆ ಬೀಳುತ್ತಿದ್ದವು. ನಗರ ಜಿಲ್ಲೆಗೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಮತ್ತು ಆನೇಕಲ್ ತಾಲ್ಲೂಕುಗಳು ಹೋದವು. ಉಳಿದ ಎಂಟು, ಅಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ‘ಬೆಂಗಳೂರು ಗ್ರಾಮಾಂತರ’ವಾದವು. ಭೂಪಟದಲ್ಲಿ ನೋಡಿದರೆ ನಗರವನ್ನು ಸುತ್ತಿಕೊಂಡ ಬಳೆಯಂತಿತ್ತು ಆ ಜಿಲ್ಲೆ.

‘ಗ್ರಾಮಾಂತರ’ ಎಂಬ ಮಾತಿನ ಮೂಲ ಅರ್ಥ ಬೇರೊಂದು ಗ್ರಾಮ. ದೇಶಾಂತರ ಎಂದರೆ ಬೇರೆ ದೇಶ, ರೂಪಾಂತರ ಎಂದರೆ ಬೇರೆ ರೂಪ, ಹಾಗೆ. ಸರ್ಕಾರಿ ಕನ್ನಡದಲ್ಲಿ ಅದು ‘ರೂರಲ್’ಗೆ ಪದವಾಗಿ ನಿಂತಿತು. ಆದರೂ ಮೂಲಾರ್ಥವೇ ಈ ಜಿಲ್ಲೆಗೆ ಹೆಚ್ಚು ಹೊಂದಿತ್ತು ಎನ್ನಬೇಕು, ಏಕೆಂದರೆ ಅದರ ಜಿಲ್ಲಾಧಿಕಾರಿ ಕಚೇರಿ ಇದ್ದದ್ದೇ ಬೇರೆ ಊರಿನಲ್ಲಿ, ಬೆಂಗಳೂರು ನಗರದ ನಡುವೆ. ಭೂಪರಿವರ್ತನೆಗೆ, ಮೇಲ್ಮನವಿಗೆ ರೈತರು ತಮ್ಮ ಜಿಲ್ಲೆಯನ್ನೇ ದಾಟಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿಯಬೇಕಿತ್ತು. ಜಿಲ್ಲೆ ಹುಟ್ಟಿ ಮೂರು ದಶಕ ಕಳೆದ ಮೇಲಷ್ಟೇ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿ ಸ್ವಂತ ಜಿಲ್ಲಾಡಳಿತ ಭವನ ಎದ್ದಿತು. ಅಷ್ಟು ವರ್ಷ ಕೇಂದ್ರಸ್ಥಾನವೇ ಇಲ್ಲದೆ ಇದ್ದದ್ದರಿಂದಲೇ ಊರಿನ ಹೆಸರೊಂದು ಜಿಲ್ಲೆಗೆ ಅಂಟಿಕೊಳ್ಳಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹೆಸರು ಹುಡುಕಿದ್ದರೆ ಸಿಗುತ್ತಿರಲಿಲ್ಲವೇ? ದೇವನಹಳ್ಳಿ ತಾಲ್ಲೂಕಿನಲ್ಲೇ ಆವತಿ ಎಂಬ ಹಳ್ಳಿಯಿದೆ. ಕಂಚಿಯ ಕಡೆಯಿಂದ ಬಂದ ರಣಭೈರೇಗೌಡರ ಮನೆತನ ನೆಲೆ ನಿಂತದ್ದು ಅಲ್ಲಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಪಾಳೆಯಗಾರರ ಬೇರು ಆ ಮನೆತನದಲ್ಲಿದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶವನ್ನೂ ಅಲ್ಲಿಗೇ ಒಯ್ದು ಸೇರಿಸುತ್ತಾರೆ. ನಗರವನ್ನು ಕಟ್ಟಿದವರು ಹೊರಟುಬಂದ ನೆಲವನ್ನು ಆ ನಗರದ ಹೊರಭಾಗ ಎಂದು ಕರೆದದ್ದು ಸರಿಯಾಗಲಿಲ್ಲ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಅಲ್ಲಿನ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಒಂದು ಹಣ್ಣಿಗೆ ಸಿಕ್ಕ ಸ್ವಂತ ಗುರುತು ಜಿಲ್ಲೆಗೆ ಸಿಗಲಿಲ್ಲ.

2007ರ ಆಗಸ್ಟ್‌ನಲ್ಲಿ ಬಳೆ ತುಂಡಾಯಿತು. ದಕ್ಷಿಣದ ನಾಲ್ಕು ತಾಲ್ಲೂಕುಗಳು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಸೇರಿ ರಾಮನಗರ ಜಿಲ್ಲೆಯಾಯಿತು. ಈ ಊರಿನ ಹೆಸರಿಗೂ ಒಂದು ಚರಿತ್ರೆ ಇದೆ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನ್ನುತ್ತಿದ್ದರಂತೆ. 1800ರಲ್ಲಿ ದಿವಾನ್ ಪೂರ್ಣಯ್ಯನವರು ಕಾಡು ಹಬ್ಬಿದ್ದ ದಾರಿಯ ಕಾವಲಿಗೆಂದು ಪೇಟೆ ಕಟ್ಟಿಸಿ, ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ (ರೆಸಿಡೆಂಟ್) ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಸ್ವಾತಂತ್ರ್ಯದ ನಂತರ ಕೆಂಗಲ್ ಹನುಮಂತಯ್ಯನವರ ಪ್ರಯತ್ನದಿಂದ ಅದು ರಾಮನಗರವಾಯಿತು. ಪಕ್ಕದಲ್ಲೇ ರಾಮದೇವರ ಬೆಟ್ಟವಿದೆ. ಭೂವಿಜ್ಞಾನಿಗಳು ಮಾತ್ರ ಅಲ್ಲಿಯ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲಿಗೆ ಒಂದೆರಡು ವರ್ಷ ಇಲ್ಲಿದ್ದ ಅಧಿಕಾರಿಯ ಹೆಸರು ಉಳಿದುಬಿಟ್ಟಿದೆ.

2025ರ ಮೇ 22ರಂದು ಸಂಪುಟ ರಾಮನಗರ ಜಿಲ್ಲೆಯನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಿಸಲು ತೀರ್ಮಾನಿಸಿತು. ಕೇಂದ್ರಸ್ಥಾನ ರಾಮನಗರವೇ. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಭೂಮಿಗೆ ಬೆಲೆ ಏರುತ್ತದೆ ಎಂಬುದು ಪರವಾಗಿದ್ದವರ ವಾದ. ವಿರೋಧಿಸಿದವರು ಊರಿನ ಅಸ್ಮಿತೆಯ ಮಾತೆತ್ತಿದರು. ಇದಾದ ಮೇಲೆ ಉತ್ತರದ ಸರದಿ ಬಂದದ್ದು. 2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ದೇವನಹಳ್ಳಿಯ ಹೊಲಗಳ ಲೆಕ್ಕವನ್ನು ಚದರಡಿಯಲ್ಲಿ ಹೇಳುವ ರೂಢಿ ಬಂದಿದೆ. ಅಂಥ ಕಡೆ ‘ಗ್ರಾಮಾಂತರ’ ಎಂಬ ಪದ ಹಿನ್ನಡೆಯಂತೆ ಕಂಡದ್ದು ಸಹಜ. ಭೂಮಿಯ ಬೆಲೆ ಏರುವುದು ಮಾರುವವನಿಗೆ ಒಳ್ಳೆಯದು. ಉಳುತ್ತೇನೆ ಎನ್ನುವವನಿಗೆ ಅದೇ ಬೆಲೆ ಒತ್ತಡವಾಗುತ್ತದೆ. ಹೆಸರಿನ ಚರ್ಚೆಯಲ್ಲಿ ಈ ಎರಡನೆಯವನ ಮಾತು ನನಗೆ ಹೆಚ್ಚು ಕೇಳಿಸಲಿಲ್ಲ.

ಗೊಂದಲವೂ ಸಣ್ಣದಲ್ಲ. ಬೆಂಗಳೂರು ಉತ್ತರ ಮತ್ತು ದಕ್ಷಿಣ ಎಂಬ ತಾಲ್ಲೂಕುಗಳು ನಗರ ಜಿಲ್ಲೆಯಲ್ಲಿ ಮೊದಲೇ ಇವೆ. ಅದೇ ಹೆಸರಿನ ಎರಡು ಲೋಕಸಭಾ ಕ್ಷೇತ್ರಗಳೂ ಇವೆ. ಪಹಣಿ, ಕ್ರಯಪತ್ರಗಳಲ್ಲಿ ತಾಲ್ಲೂಕು ಯಾವುದು, ಜಿಲ್ಲೆ ಯಾವುದು ಎಂದು ಇನ್ನು ಎರಡೆರಡು ಸಲ ನೋಡಬೇಕು.

‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರು ಇನ್ನೊಂದು ಕಡೆಯೂ ಇದೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಹೆಸರಿನ ಲೋಕಸಭಾ ಕ್ಷೇತ್ರ ಹುಟ್ಟಿತು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಕುಣಿಗಲ್, ಆನೇಕಲ್ ಅದರಲ್ಲಿವೆ. ನಗರದ ರಾಜರಾಜೇಶ್ವರಿನಗರವೂ ಇದೆ. ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಒಂದೂ ಇಲ್ಲ. ಆ ನಾಲ್ಕೂ ಕಡೆಯವರು ಮತ ಹಾಕುವುದು ಚಿಕ್ಕಬಳ್ಳಾಪುರದ ಸಂಸದರಿಗೆ.