ಓಲ್ಡ್ ಹಾಸ್ ರಾಡ್‌ಬರ್ನ್: 1884ರ ಗೆಲುವುಗಳು 59ಓ, 60ಓ?

‘ಓಲ್ಡ್ ಹಾಸ್’ ಎಂಬ ಅಡ್ಡಹೆಸರಿನ ಚಾರ್ಲ್ಸ್ ರಾಡ್‌ಬರ್ನ್ 1854ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹುಟ್ಟಿ, ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಬೆಳೆದ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ. 1881ರಿಂದ 1885ರವರೆಗೆ ಪ್ರಾವಿಡೆನ್ಸ್ ಗ್ರೇಸ್ ತಂಡದಲ್ಲಿ, ಆಮೇಲೆ ಬಾಸ್ಟನ್‌ನ ಎರಡು ತಂಡಗಳಲ್ಲಿ, ಕೊನೆಗೆ 1891ರಲ್ಲಿ ಸಿನ್ಸಿನಾಟಿಯಲ್ಲಿ ಆಡಿದರು.

1884ರ ಜುಲೈನಲ್ಲಿ ರಾಡ್‌ಬರ್ನ್ ಅಮಾನತಿನಲ್ಲಿದ್ದಾಗಲೇ ತಂಡದ ಇನ್ನೊಬ್ಬ ಮುಖ್ಯ ಪಿಚರ್ ಚಾರ್ಲಿ ಸ್ವೀನಿ ಪಂದ್ಯದ ನಡುವೆ ಮೈದಾನ ಬಿಟ್ಟು ನಡೆದು ತಂಡದಿಂದ ಹೊರಬಿದ್ದರು. ಋತು ಮುಗಿದ ಮೇಲೆ ತಮಗೆ ಇಷ್ಟವಾದ ತಂಡ ಸೇರುವ ಸ್ವಾತಂತ್ರ್ಯ ಕೊಟ್ಟರೆ ಉಳಿದ ಪಂದ್ಯಗಳ ಭಾರವನ್ನು ತಾವೇ ಹೊರುವುದಾಗಿ ರಾಡ್‌ಬರ್ನ್ ಒಪ್ಪಿಕೊಂಡರು. ಆ ವರ್ಷ ಅವರು ಆರಂಭಿಸಿದ 73 ಪಂದ್ಯಗಳನ್ನೂ ತಾವೇ ಮುಗಿಸಿ, 441 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಮಾಡಿದರು. ಋತುವಿನ ಕೊನೆಗೆ ಇನ್ನೊಂದು ಲೀಗಿನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ವಿರುದ್ಧದ 3 ಪಂದ್ಯಗಳನ್ನೂ ಅವರೇ ಎಸೆದು ಗೆದ್ದುಕೊಟ್ಟರು. ಆಗ ಎಸೆತದ ದೂರ 50 ಅಡಿಯಷ್ಟೇ. ಈಗಿನ 60 ಅಡಿ 6 ಅಂಗುಲ ಬಂದದ್ದು 1893ರಲ್ಲಿ. ಆದರೂ ಒಂದೇ ತೋಳಿನ ಮೇಲೆ ಬಿದ್ದ ಇಷ್ಟು ಕೆಲಸ ನನಗೆ ಬೆರಗು ಹುಟ್ಟಿಸುತ್ತದೆ. ಆ ವರ್ಷ ಅವರು ಎಸೆದದ್ದೆಂದು ಪಟ್ಟಿಗಳಲ್ಲಿ ಕಾಣುವ 678.2 ಇನ್ನಿಂಗ್ಸ್ ದಶಮಾಂಶವಲ್ಲ; ಇಲ್ಲಿ 3 ಔಟ್‌ಗಳಿಗೆ ಒಂದು ಇನ್ನಿಂಗ್ಸ್. ಕ್ರಿಕೆಟ್ಟಿನ ಓವರ್ ಲೆಕ್ಕದಂತೆಯೇ, ಅದು 678 ಪೂರ್ಣ ಇನ್ನಿಂಗ್ಸ್ ಮತ್ತು 2 ಔಟ್‌ಗಳು.

ಬಿಡಿಸಿಕೊಳ್ಳಲು ಕಷ್ಟವಾಗುವುದು ಗೆಲುವಿನ ಲೆಕ್ಕ. ಬೇಸ್‌ಬಾಲಿನಲ್ಲಿ ತಂಡದ ಪ್ರತಿ ಗೆಲುವನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಕೆಲವು ದಾಖಲೆಗಳು 60 ಎನ್ನುತ್ತವೆ, ಕೆಲವು 59. ಈ ವ್ಯತ್ಯಾಸ ಬಂದಿರುವುದು ಜುಲೈ 28ರಂದು ಫಿಲಡೆಲ್ಫಿಯಾ ವಿರುದ್ಧ ನಡೆದ ಒಂದೇ ಪಂದ್ಯದಿಂದ. ಸೈಕ್ಲೋನ್ ಮಿಲ್ಲರ್ ಮೊದಲ 5 ಇನ್ನಿಂಗ್ಸ್ ಎಸೆದರು, ರಾಡ್‌ಬರ್ನ್ ಕೊನೆಯ 4 ಎಸೆದರು, ಪ್ರಾವಿಡೆನ್ಸ್ 11–4ರಿಂದ ಗೆದ್ದಿತು. ಹೆಚ್ಚು ಪರಿಣಾಮಕಾರಿಯಾಗಿ ಎಸೆದವರು ರಾಡ್‌ಬರ್ನ್ ಎಂದು ಅಂದಿನ ಸ್ಕೋರರ್ ಗೆಲುವನ್ನು ಅವರ ಹೆಸರಿಗೆ ಬರೆದರು. ಈಗಿನ ನಿಯಮ ಕೇಳುವ ಪ್ರಶ್ನೆಯೇ ಬೇರೆ: ಕೊನೆಯವರೆಗೂ ಉಳಿದ ಮುನ್ನಡೆ ದೊರೆತಾಗ ತಂಡದ ಪಿಚರ್ ಯಾರಾಗಿದ್ದರು? ಇಲ್ಲಿ ಗಮನಿಸಬೇಕಾದದ್ದು, ಬದಲಿ ಪಿಚರ್ ಎಸೆಯಲು ಬರುವವರೆಗೂ ಹೊಣೆ ಹಿಂದಿನವರದೇ ಆಗಿರುತ್ತದೆ. ಆದ್ದರಿಂದ ಆ ನಡುವೆ ತಂಡ ಬ್ಯಾಟ್ ಮಾಡಿ ಗಳಿಸಿದ ರನ್‌ಗಳ ಲಾಭವೂ ಹಿಂದಿನವರಿಗೇ ಸಲ್ಲುತ್ತದೆ. ರಾಡ್‌ಬರ್ನ್ ಎಸೆಯಲು ಬರುವ ಹೊತ್ತಿಗೆ ಪ್ರಾವಿಡೆನ್ಸ್ ಆಗಲೇ ಮುಂದಿತ್ತು, ಆ ಮುನ್ನಡೆ ಮತ್ತೆ ಕೈತಪ್ಪಲಿಲ್ಲ. ಹಾಗಾಗಿ ಇಂದಿನ ನಿಯಮದಂತೆ ಗೆಲುವು ಮಿಲ್ಲರ್‌ಗೆ, ಸೇವ್ (ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದ ಬದಲಿ ಪಿಚರ್‌ಗೆ ಸಲ್ಲುವ ಮನ್ನಣೆ) ರಾಡ್‌ಬರ್ನ್‌ಗೆ. ನನ್ನ ಮಟ್ಟಿಗೆ, ಅಂದಿನ ಪಂದ್ಯವನ್ನು ಅಂದಿನ ಪದ್ಧತಿಯಂತೆ ಎಣಿಸುವುದೇ ನ್ಯಾಯ.

ಇದೇ ಒಂದು ಪಂದ್ಯ ಅವರ ವೃತ್ತಿಜೀವನದ ಒಟ್ಟು ಗೆಲುವುಗಳಲ್ಲೂ ಕಾಣಿಸಿಕೊಳ್ಳುತ್ತದೆ. 59 ಬರೆದ ಪಟ್ಟಿಯಲ್ಲಿ ಒಟ್ಟು 309 ಇರುತ್ತದೆ, 60 ಬರೆದದ್ದರಲ್ಲಿ 310.